ಎಂ.ಎ. ಮನಶ್ಶಾಸ್ತ್ರ: ಓದಿನ ಸಾಲ, ಕೈಗೆ ಬರುವ ಪಗಾರ



ಪುಣೆಯಿಂದ ಅಹಿಲ್ಯಾನಗರದ ಕಡೆಗೆ, ಅಂದರೆ ನಾವೆಲ್ಲ ಅಹಮದನಗರ ಎಂದು ಕರೆಯುತ್ತಿದ್ದ ಊರಿನ ಕಡೆಗೆ, ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್ ಬಂದರೆ ಶಿರೂರು ತಾಲ್ಲೂಕಿನ ರಾಂಜಣಗಾಂವ ಸಿಗುತ್ತದೆ. ಅಷ್ಟವಿನಾಯಕ ಯಾತ್ರೆಗೆ ಬಂದವರಿಗೆ ಇದು ಮಹಾಗಣಪತಿಯ ಊರು. ಹೊಟ್ಟೆಪಾಡಿಗೆ ಬಂದವರಿಗೆ ಇದು ಎಂಐಡಿಸಿ, ಅಂದರೆ ಕೈಗಾರಿಕಾ ಪ್ರದೇಶ. ಎಲ್‌ಜಿ, ವರ್ಲ್‌ಪೂಲ್, ಹೈಯರ್, ಫಿಯಟ್ ಹೀಗೆ ದೊಡ್ಡ ದೊಡ್ಡ ಕಾರ್ಖಾನೆಗಳು, ಅವುಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು. ಶಿಫ್ಟ್ ಬಿಡುವ ಹೊತ್ತಿಗೆ ಕಾರೇಗಾಂವದ ಚಹಾ ಅಂಗಡಿಗಳ ಮುಂದೆ ಸ್ವಲ್ಪ ನಿಂತರೆ ಸಾಕು, ಮರಾಠಿ, ಹಿಂದಿ, ಭೋಜಪುರಿಯ ನಡುವೆ ನಮ್ಮ ಇಂಡಿ, ಸಿಂದಗಿ, ಆಳಂದ, ಅಫಜಲಪುರ ಕಡೆಯ ಕನ್ನಡ ಕಿವಿಗೆ ಬೀಳುತ್ತದೆ.

ಈ ಮನೆಗಳ ಮಕ್ಕಳು ಈಗ ಪದವಿ ಮುಗಿಸುತ್ತಿದ್ದಾರೆ. ಅಪ್ಪ ಠೇಕೇದಾರನ ಕೈಕೆಳಗೆ ಲೈನಿನಲ್ಲಿ ನಿಂತು ದುಡಿದವನು, ಅವ್ವ ನಾಲ್ಕು ಮನೆ ಕೆಲಸ ಮಾಡಿದವಳು, ಮಗಳು ಪುಣೆಯ ಕಾಲೇಜಿನಲ್ಲಿ ಬಿ.ಎ. ಪಾಸು. ಇಂಥ ಮಕ್ಕಳಿಗೆ ಮುಂದಿನ ಓದಿನ ಬಗ್ಗೆ ಸಲಹೆ ಹೇಳುವುದು ನನ್ನ ಕೆಲಸ. ಇತ್ತೀಚೆಗೆ ಅವರ ಬಾಯಲ್ಲಿ ಹೆಚ್ಚಾಗಿ ಕೇಳುತ್ತಿರುವ ಮಾತು ಅಪ್ಲೈಡ್ ಸೈಕಾಲಜಿಯಲ್ಲಿ ಎಂ.ಎ. ಅಂದರೆ ಆಸ್ಪತ್ರೆ, ಶಾಲೆ, ಕಾರ್ಖಾನೆ, ಕಚೇರಿಗಳಲ್ಲಿ ಬಳಕೆಗೆ ಬರುವ ಮನಶ್ಶಾಸ್ತ್ರ. ಒಳ್ಳೆಯ ಓದು. ಆದರೆ ಅದರ ಬೆನ್ನಿಗೇ ಬ್ಯಾಂಕಿನ ಅರ್ಜಿಯೂ ಬರುತ್ತದೆ. ಎಷ್ಟು ಸಾಲ ಮಾಡಬಹುದು, ಮುಗಿಸಿದ ಮೇಲೆ ಎಷ್ಟು ಪಗಾರ ಬರುತ್ತದೆ, ಕಂತು ಕಟ್ಟಿ ಮನೆಗೆ ಏನು ಉಳಿಯುತ್ತದೆ, ಇವತ್ತು ಇದಿಷ್ಟನ್ನೇ ನಿಮ್ಮ ಮುಂದೆ ಬಿಚ್ಚಿಡುತ್ತೇನೆ.

ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲೇ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಸಣ್ಣದೊಂದು ಪ್ರಸಾರ ಯಂತ್ರ ಇಟ್ಟುಕೊಂಡು ಆಕಾಶವಾಣಿ ಎಂಬ ರೇಡಿಯೋ ಕೇಂದ್ರ ಆರಂಭಿಸಿದವರೂ ಅವರೇ. ಮನಶ್ಶಾಸ್ತ್ರದ ಮೇಷ್ಟರೊಬ್ಬರು ಹಾಕಿದ ದಾರಿಯಲ್ಲೇ ನನ್ನ ಈ ಮಾತು ನಿಮ್ಮ ಮನೆಗೆ ಬರುತ್ತಿದೆ ಎಂಬುದು ನನಗೆ ಹೆಮ್ಮೆ. ಅವರ ಕಾಲದಲ್ಲಿ ಈ ವಿಷಯ ಓದುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ, ಅದಕ್ಕಾಗಿ ಯಾರೂ ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಈಗ ಹತ್ತುತ್ತಾರೆ. ದೇಶದ ಬ್ಯಾಂಕುಗಳಿಗೆಲ್ಲ ಒಂದೇ ಮಾದರಿಯ ಶಿಕ್ಷಣ ಸಾಲ ಯೋಜನೆ ಬಂದದ್ದು 2001ರಲ್ಲಿ. ಅದರ ಕರಡು ಸಿದ್ಧಪಡಿಸಿದ ಅಧ್ಯಯನ ತಂಡಕ್ಕೆ ನಮ್ಮ ಕೆನರಾ ಬ್ಯಾಂಕಿನ ಅಧ್ಯಕ್ಷರಾಗಿದ್ದ ಆರ್.ಜೆ. ಕಾಮತರು ಮುಖ್ಯಸ್ಥರಾಗಿದ್ದರು. ಅಡವಿಡಲು ಏನೂ ಇಲ್ಲದ ಮನೆಯ ಮಕ್ಕಳಿಗೂ ಸಾಲ ಸಿಗಬೇಕು ಎಂಬುದು ಆ ಯೋಜನೆಯ ಜೀವಾಳ. ಆ ಆಶಯಕ್ಕೆ ನಾನು ಕೈಮುಗಿಯುತ್ತೇನೆ. ಅದರಿಂದ ಎಂಜಿನಿಯರು, ನರ್ಸು ಆದ ಎಷ್ಟೋ ಮಕ್ಕಳು ಈ ಊರಿನಲ್ಲೇ ಇದ್ದಾರೆ.

ಆದರೆ ನರ್ಸಿಂಗಿಗೂ ಮನಶ್ಶಾಸ್ತ್ರದ ಎಂ.ಎ.ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನರ್ಸಿಂಗ್ ಮುಗಿಸಿದವಳು ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ ಮರುದಿನವೇ ವಾರ್ಡಿಗೆ ಹೋಗಬಹುದು. ಮನಶ್ಶಾಸ್ತ್ರದಲ್ಲಿ ಹಾಗಿಲ್ಲ. ಒಮ್ಮೆ ಅಪ್ಪ, ಮಗಳು ಇಬ್ಬರೂ ನನ್ನ ಬಳಿ ಬಂದಿದ್ದರು. ಅಪ್ಪ ಸೆಕೆಂಡ್ ಶಿಫ್ಟಿಗೆ ಹೋಗುವ ಮುಂಚೆ ಬಂದವನು, ಕಂಪನಿಯ ಅಂಗಿ ಮೈಮೇಲೇ ಇತ್ತು. ಕಾಲೇಜಿನ ಬಣ್ಣದ ಪುಸ್ತಕವನ್ನು ಮೇಜಿನ ಮೇಲಿಟ್ಟು ಕೇಳಿದ: "ಅಕ್ಕಾರ, ಎರಡು ವರ್ಸ ಓದಿದ್ರ ಈಕಿ ಡಾಕ್ಟರ್ ಆಗ್ತಾಳಿಲ್ರಿ?" ಮಗಳು ತಲೆ ತಗ್ಗಿಸಿದಳು. ಆಕೆಗೆ ಗೊತ್ತಿತ್ತು, ಅಪ್ಪನಿಗೆ ಹೇಳಲು ಬಾಯಿ ಬಂದಿರಲಿಲ್ಲ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಎಂ.ಎ. ಮಾಡಿದವರು ಮಾತ್ರೆ ಬರೆದುಕೊಡುವ ಡಾಕ್ಟರಾಗುವುದಿಲ್ಲ. ಮಾತ್ರೆ ಬರೆಯುವ ಮನೋವೈದ್ಯರು ಎಂಬಿಬಿಎಸ್ ಓದಿ ಮುಂದೆ ಹೋದವರು. ಹಾಗೆಯೇ, ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ತರಬೇತಿ ಬೇಕು, ಅದರ ನೋಂದಣಿ ಬೇಕು. 1992ರ ಕಾಯ್ದೆಯ ಪ್ರಕಾರ ನಡೆದುಬಂದ ವ್ಯವಸ್ಥೆ ಇದು. ಬಹಳ ವರ್ಷಗಳಿಂದ ಆ ದಾರಿ ಎಂದರೆ ಎಂ.ಎ. ಆದ ಮೇಲೆ ಎರಡು ವರ್ಷದ ಎಂ.ಫಿಲ್. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಅದರ ಸೀಟು ಬಹಳ ಕಡಿಮೆ, ಪ್ರವೇಶ ಪರೀಕ್ಷೆ ಬರೆಯುವವರು ಸಾವಿರಾರು. ಈಗ ಹೊಸ ಶಿಕ್ಷಣ ನೀತಿಯಿಂದಾಗಿ ಎಂ.ಫಿಲ್ ಪದವಿಯೇ ಹಿಂದೆ ಸರಿಯುತ್ತಿದೆ, ಅದರ ಜಾಗಕ್ಕೆ ಪರಿಷತ್ತಿನ ಮಾನ್ಯತೆ ಇರುವ ಕ್ಲಿನಿಕಲ್ ಸೈಕಾಲಜಿಯ ಹೊಸ ಪದವಿಗಳು ಬರುತ್ತಿವೆ. ಹೀಗಾಗಿ ಇವತ್ತು ಸೇರುವ ವಿದ್ಯಾರ್ಥಿ, ತಾನು ಸೇರುತ್ತಿರುವ ಎಂ.ಎ.ಗೆ ಆ ಮಾನ್ಯತೆ ಇದೆಯೋ ಇಲ್ಲವೋ ಎಂದು ಫೀ ಕಟ್ಟುವ ಮೊದಲೇ ನೋಡಬೇಕು. ಹೆಸರಿನಲ್ಲಿ ಕ್ಲಿನಿಕಲ್ ಎಂದಿದ್ದ ಮಾತ್ರಕ್ಕೆ ಮಾನ್ಯತೆ ಬಂದುಬಿಡುವುದಿಲ್ಲ.

ಕ್ಲಿನಿಕಲ್ ಬಿಟ್ಟು ಉಳಿದ ಮನಶ್ಶಾಸ್ತ್ರಜ್ಞರನ್ನು 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ. ಇದು ಒಳ್ಳೆಯದೇ. ಯಾರು ಬೇಕಾದರೂ ಕೌನ್ಸೆಲರ್ ಎಂದು ಕೂತುಕೊಳ್ಳುವ ಕಾಲ ಮುಗಿಯಬೇಕು. ಆದರೆ ಇದರ ಒಂದು ಪರಿಣಾಮ ನಮ್ಮ ಮನೆಗಳಿಗೆ ನೇರವಾಗಿ ತಟ್ಟಿದೆ. ಈ ಕಾಯ್ದೆಯಡಿ ಬರುವ ವಿಷಯಗಳನ್ನು ದೂರಶಿಕ್ಷಣ, ಆನ್‌ಲೈನ್ ವಿಧಾನದಲ್ಲಿ ಕಲಿಸಬಾರದೆಂದು ಯುಜಿಸಿ 2025ರಲ್ಲಿ ಹೇಳಿತು, ಅದರಲ್ಲಿ ಮನಶ್ಶಾಸ್ತ್ರವೂ ಸೇರಿದೆ. ಹಗಲು ಕಂಪನಿಯಲ್ಲಿ ದುಡಿದು, ಭಾನುವಾರ ಓದಿ, ಇಗ್ನೋದಂಥ ಕಡೆ ಕಡಿಮೆ ಫೀಸಿನಲ್ಲಿ ಎಂ.ಎ. ಮಾಡುತ್ತಿದ್ದ ದಾರಿ ಹೊಸದಾಗಿ ಸೇರುವವರಿಗೆ ಮುಚ್ಚಿತು. ಈ ವಿದ್ಯೆಗೆ ಎದುರು ಕೂತು ಕಲಿಯುವ ತರಬೇತಿ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಅಗ್ಗದ ದಾರಿ ಮುಚ್ಚಿದ ಮೇಲೆ ಬಡವರ ಮಕ್ಕಳಿಗೆ ಉಳಿಯುವುದು ಎರಡೇ: ಸರ್ಕಾರಿ ವಿಶ್ವವಿದ್ಯಾಲಯದ ಕೆಲವೇ ಸೀಟು, ಇಲ್ಲವೇ ಸಾಲ.

ಈಗ ಸಾಲದ ಲೆಕ್ಕಕ್ಕೆ ಬರೋಣ. ಕಾಗದ, ಪೆನ್ನು ಹತ್ತಿರ ಇದ್ದರೆ ತೆಗೆದುಕೊಳ್ಳಿ. ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ನೀವು ಕೈಯಿಂದ ಏನೂ ಹಾಕಬೇಕಿಲ್ಲ, ಅಡವೂ ಬೇಡ. 7.5 ಲಕ್ಷ ದಾಟಿದರೆ ಹೊಲ, ಮನೆ ಅಡವಿನ ಮಾತು ಬರುತ್ತದೆ. ಓದುವ ಅವಧಿ, ಆಮೇಲೆ ಒಂದು ವರ್ಷ, ಇಷ್ಟು ಕಾಲ ಕಂತು ಕಟ್ಟಬೇಕಿಲ್ಲ. ಬಹಳ ಮಂದಿ ಇಲ್ಲಿಯೇ ನಿಶ್ಚಿಂತರಾಗುತ್ತಾರೆ. ಕಂತು ಇಲ್ಲ ಎಂದರೆ ಬಡ್ಡಿಯೂ ಇಲ್ಲ ಎಂದುಕೊಳ್ಳುತ್ತಾರೆ. ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ.

ನೂರಕ್ಕೆ ವರ್ಷಕ್ಕೆ 10ರ ಬಡ್ಡಿ ಎಂದಿಟ್ಟುಕೊಳ್ಳಿ. ಮೊದಲ ವರ್ಷ 2 ಲಕ್ಷ, ಎರಡನೇ ವರ್ಷ ಇನ್ನೊಂದು 2 ಲಕ್ಷ ತೆಗೆದಿರಿ. ಮೊದಲ ವರ್ಷದ ಬಡ್ಡಿ 20,000. ಎರಡನೇ ವರ್ಷದ್ದು 40,000. ಕೆಲಸ ಹುಡುಕುವ ಮೂರನೇ ವರ್ಷದ್ದು 40,000. ಅಂದರೆ ಮೊದಲ ಕಂತು ಕಟ್ಟುವ ದಿನ ನಿಮ್ಮ ತಲೆಯ ಮೇಲಿರುವುದು 4 ಲಕ್ಷವಲ್ಲ, 5 ಲಕ್ಷ. ಅದನ್ನು 10 ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 6,600 ರೂಪಾಯಿ. ಒಟ್ಟು ಕಟ್ಟುವುದು ಹೆಚ್ಚುಕಡಿಮೆ 7 ಲಕ್ಷ 93 ಸಾವಿರ. 15 ವರ್ಷಕ್ಕೆ ಎಳೆದರೆ ಕಂತು 5,400ರ ಆಸುಪಾಸಿಗೆ ಇಳಿಯುತ್ತದೆ, ಒಟ್ಟು ಕಟ್ಟುವ ಹಣ 9 ಲಕ್ಷ 67 ಸಾವಿರಕ್ಕೆ ಏರುತ್ತದೆ. ಎಂ.ಎ. ಮುಗಿಸಿದ ಮಗಳಿಗೆ ಮೊದಲ ಕೆಲಸದಲ್ಲಿ ಕೈಗೆ 20,000 ಬರುತ್ತದೆ ಎಂದುಕೊಂಡರೆ, ಅದರಲ್ಲಿ ಮೂರರಲ್ಲೊಂದು ಪಾಲು ಬ್ಯಾಂಕಿಗೆ. ಉಳಿದ 13,400ರಲ್ಲಿ ಪುಣೆಯ ಖೋಲಿ ಬಾಡಿಗೆ, ಬಸ್ಸು, ಊಟ, ಊರಿಗೆ ಕಳಿಸುವ ದುಡ್ಡು.

ನಿಜವಾದ ಕಷ್ಟ ಇನ್ನೊಂದು ಕಡೆ ಇದೆ, ಅದನ್ನು ಬ್ಯಾಂಕಿನ ಕಾಗದದಲ್ಲಿ ಯಾರೂ ಬರೆದಿರುವುದಿಲ್ಲ. ಸಾಲ ತನ್ನ ಹೊತ್ತಿಗೆ ಬರುತ್ತದೆ, ಈ ವೃತ್ತಿಯ ಪಗಾರ ತನ್ನ ಹೊತ್ತಿಗೆ ಬರುತ್ತದೆ, ಎರಡೂ ಹೊಂದುವುದಿಲ್ಲ. ಎಂ.ಎ. ಸೇರಿದ ದಿನದಿಂದ ಮೂರು ವರ್ಷಕ್ಕೆ ಕಂತು ಶುರು. ನೋಂದಣಿಯ ತರಬೇತಿಗೆ ಇನ್ನೆರಡು ವರ್ಷ ಓದಬೇಕಾದರೆ ನಾಲ್ಕು ವರ್ಷ ಸರಿಯಾದ ದುಡಿಮೆ ಇಲ್ಲ. ಕಂತು ಬಂದು ನಿಲ್ಲುವುದು ಓದಿನ ನಟ್ಟನಡುವೆ. ಆಗ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಕ್ಕಳು ಮುಂದಿನ ತರಬೇತಿಯನ್ನು ಕೈಬಿಟ್ಟು ಸಿಕ್ಕ ಕೆಲಸಕ್ಕೆ ಸೇರುತ್ತಾರೆ. ಬಿಪಿಓದಲ್ಲಿ, ನೇಮಕಾತಿ ಏಜೆನ್ಸಿಯಲ್ಲಿ ಫೋನ್ ಎತ್ತುವ ಕೆಲಸ. ಆ ಕೆಲಸ ಕೀಳಲ್ಲ. ಆದರೆ ಅದಕ್ಕೆ ಈ ಎಂ.ಎ. ಬೇಕಿರಲಿಲ್ಲ, ಈ ಸಾಲವೂ ಬೇಕಿರಲಿಲ್ಲ.

ಹಾಗಾದರೆ ಯಾವ ಕಾಲೇಜಿನ ಎಂ.ಎ. ಮಾಡಿದರೆ ಎಷ್ಟು ಪಗಾರ, ಎಷ್ಟು ಸಾಲ ಎಂದು ಮೊದಲೇ ತಿಳಿಯುವ ದಾರಿ ಇದೆಯೇ? ಅಮೆರಿಕದ ಶಿಕ್ಷಣ ಇಲಾಖೆ 2013ರಿಂದ ಕಾಲೇಜ್ ಸ್ಕೋರ್‌ಕಾರ್ಡ್ ಎಂಬ ಲೆಕ್ಕ ಪ್ರಕಟಿಸುತ್ತಿದೆ. ಅದರಲ್ಲಿ ಈಗ ಒಂದೊಂದು ವಿಶ್ವವಿದ್ಯಾಲಯದ ಒಂದೊಂದು ವಿಷಯಕ್ಕೂ, ಓದಿ ಹೊರಬಂದವರ ನಡುಮಟ್ಟದ ಗಳಿಕೆ ಎಷ್ಟು, ಅವರು ಹೊತ್ತ ಸಾಲ ಎಷ್ಟು ಎಂದು ಅಕ್ಕಪಕ್ಕ ತೋರಿಸುತ್ತಾರೆ. ಅನ್ವಯಿಕ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಗೂ ಹಾಗೆ ನೋಡಬಹುದು. ನಮ್ಮಲ್ಲಿ ಅಷ್ಟು ಬಿಡಿಸಿ ಹೇಳುವ ಲೆಕ್ಕ ಇಲ್ಲ. ಇರುವುದರಲ್ಲಿ ಉಪಯೋಗಕ್ಕೆ ಬರುವುದು ಎನ್‌ಐಆರ್‌ಎಫ್, ಕೇಂದ್ರದ ರ‍್ಯಾಂಕಿಂಗ್ ವ್ಯವಸ್ಥೆ. ಅದಕ್ಕೆ ಅರ್ಜಿ ಹಾಕುವ ಸಂಸ್ಥೆಗಳು ಒಂದು ಕೋಷ್ಟಕ ಕೊಡಬೇಕು: ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಸಮಯಕ್ಕೆ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಸಿಕ್ಕವರ ನಡುಮಟ್ಟದ ಪಗಾರ ಎಷ್ಟು, ಎಷ್ಟು ಮಂದಿ ಮುಂದೆ ಓದಲು ಹೋದರು. ಆ ಕೋಷ್ಟಕವನ್ನು ಕಾಲೇಜಿನ ಜಾಲತಾಣದಲ್ಲಿ ಹಾಕಿರುತ್ತಾರೆ. ಅಲ್ಲಿ ಎರಡು ಕಡೆ ಎಚ್ಚರ ಬೇಕು. ಪಗಾರದ ಅಂಕಿ ಕೆಲಸ ಸಿಕ್ಕವರದ್ದು ಮಾತ್ರ, ಸಿಗದವರು ಆ ಲೆಕ್ಕದಲ್ಲಿ ಇಲ್ಲ. ಇನ್ನೊಂದು, ಎರಡು ವರ್ಷದ ಸ್ನಾತಕೋತ್ತರ ಎಂದು ಎಲ್ಲ ವಿಷಯಗಳನ್ನೂ ಒಟ್ಟಿಗೆ ಸೇರಿಸಿರುತ್ತಾರೆ. ಮ್ಯಾನೇಜ್‌ಮೆಂಟ್ ಓದಿದವರ ಪಗಾರ ಮನಶ್ಶಾಸ್ತ್ರದವರ ಪಗಾರವನ್ನು ಮರೆಮಾಡುತ್ತದೆ. ಅದಕ್ಕೇ ವಿಭಾಗಕ್ಕೇ ಹೋಗಿ, ಹೋದ ವರ್ಷ ಈ ಕೋರ್ಸಿನಿಂದ ಹೊರಬಿದ್ದವರು ಈಗ ಎಲ್ಲೆಲ್ಲಿದ್ದಾರೆ ಎಂದು ಕೇಳಬೇಕು. ಕೇಳಲು ಸಂಕೋಚ ಬೇಡ. ಕಟ್ಟುವ ದುಡ್ಡು ನಿಮ್ಮದು.

ಕೆಲಸಗಳು ಇಲ್ಲವೆಂದಲ್ಲ. ಸಿಬಿಎಸ್‌ಇ ಶಾಲೆಗಳಿಗೆ ಕೌನ್ಸೆಲರ್ ಇರಲೇಬೇಕೆಂಬ ನಿಯಮ ಇದೆ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು, ಅದರಲ್ಲಿ ತರಬೇತಿ ಪಡೆದ ಸಲಹೆಗಾರರು ಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ದೇಶಕ್ಕೆ ಬಂದದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯಿಂದ, ಅದರಲ್ಲೂ ಹುದ್ದೆಗಳಿವೆ. ಆದರೆ ಈ ಹುದ್ದೆಗಳಲ್ಲಿ ಬಹಳಷ್ಟು ಗುತ್ತಿಗೆಯವು. ಹನ್ನೊಂದು ತಿಂಗಳ ಆದೇಶದ ಮೇಲೆ ಹತ್ತು ವರ್ಷದ ಸಾಲ ಹೊರುವುದು ಯಾವ ಮನೆಗೂ ನೆಮ್ಮದಿಯ ಮಾತಲ್ಲ.

ಇನ್ನು ಕಾರ್ಖಾನೆ. ರಾಂಜಣಗಾಂವದಲ್ಲಿ ಕೂತು ಕಾರ್ಖಾನೆಯ ಮಾತು ಬಿಡುವುದು ಹೇಗೆ? 1948ರ ಕಾರ್ಖಾನೆ ಕಾಯ್ದೆಯ 49ನೇ ಕಲಮು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿ ಇರಬೇಕೆಂದು ಹೇಳಿತು. 2020ರ ಹೊಸ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು 250ಕ್ಕೆ ಇಳಿಸಿತು. ಆದರೆ ಆ ಹುದ್ದೆಗೆ ರಾಜ್ಯಗಳು ಸಾಮಾನ್ಯವಾಗಿ ಕೇಳುತ್ತ ಬಂದಿರುವುದು ಸಮಾಜಕಾರ್ಯ ಇಲ್ಲವೇ ಕಾರ್ಮಿಕ ಕಲ್ಯಾಣದ ಪದವಿ. ಮನಶ್ಶಾಸ್ತ್ರ ಓದಿದವರು ಅದೇ ಗೇಟಿನ ಹೊರಗೆ ನಿಲ್ಲುತ್ತಾರೆ, ಒಳಗೆ ಹೋದರೂ ನೇಮಕಾತಿಯ ಪರೀಕ್ಷೆ ನಡೆಸುವುದಕ್ಕೆ, ತರಬೇತಿಯ ಹಾಜರಿ ಬರೆಯುವುದಕ್ಕೆ. ಇದು ಹೀಗೇ ಇರಬೇಕಿಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲೇ ಅಹಮದಾಬಾದಿನ ಬಟ್ಟೆ ಗಿರಣಿಗಳ ಸಂಶೋಧನಾ ಸಂಸ್ಥೆ ಅಟೀರಾದಲ್ಲಿ ಕಮಲಾ ಚೌಧರಿ ಎಂಬ ಮನಶ್ಶಾಸ್ತ್ರಜ್ಞೆ ಗಿರಣಿ ಕಾರ್ಮಿಕರ ಕೆಲಸ, ಅವರ ಮನಸ್ಸು, ಮೇಸ್ತ್ರಿಗಳೊಂದಿಗಿನ ಸಂಬಂಧ ಇವನ್ನು ಅಭ್ಯಾಸ ಮಾಡುವ ವಿಭಾಗ ನಡೆಸಿದರು. ಮುಂದೆ ಅದೇ ಊರಿನ ಐಐಎಂನ ಮೊದಲ ಅಧ್ಯಾಪಕರಲ್ಲಿ ಒಬ್ಬರಾದರು. ಗಿರಣಿ ಮಾಲೀಕರೂ ದುಡ್ಡು ಹಾಕಿ ನಡೆಸಿದ ಸಂಸ್ಥೆ ಅದು. ಆಗ ಆದದ್ದು ಈಗ ಇಲ್ಲಿ ಯಾಕಾಗಬಾರದು?

ಅದರ ಅಗತ್ಯ ಎಷ್ಟಿದೆ ಎಂದರೆ ಒಂದು ಉದಾಹರಣೆ ಹೇಳುತ್ತೇನೆ. ಪ್ರೆಸ್ ಮಷಿನ್ನಿನಲ್ಲಿ ಎರಡು ಬೆರಳು ಕಳೆದುಕೊಂಡ ನಮ್ಮ ಕಡೆಯ ಹುಡುಗನೊಬ್ಬ ಇದ್ದ. ಕೈಗೆ ಚಿಕಿತ್ಸೆ ಆಯಿತು, ಗಾಯ ಮಾಯಿತು, ವಾಪಸ್ ಲೈನಿಗೂ ಹೋದ. ಡಾಕ್ಟರ ಮುಂದೆ ಹಿಂದಿಯಲ್ಲಿ "ಸಬ್ ಠೀಕ್ ಹೈ" ಎನ್ನುತ್ತಿದ್ದ. ಕನ್ನಡದಲ್ಲಿ ಮಾತು ತೆಗೆದ ಮೇಲೆಯೇ ಒಳಗಿನದು ಹೊರಗೆ ಬಂದದ್ದು: "ಕಣ್ಣ ಮುಚ್ಚಿದ್ರ ಸಾಕು ಅಕ್ಕಾರ, ಮಷಿನ್ ಮ್ಯಾಲಿಂದ ಬೀಳ್ತೈತ್ರಿ. ರಾತ್ರಿಯೆಲ್ಲಾ ಕುಂತs ಇರ್ತೀನ್ರಿ." ಇಂಥವನ ಎದುರು ಕೂತು ಕೇಳಲು, ಹಂತಹಂತವಾಗಿ ಅವನ ಭಯ ಇಳಿಸಲು ವಿದ್ಯೆ ಬೇಕು. ಬರೀ ಕನಿಕರ ಸಾಲದು. ಆ ವಿದ್ಯೆಯನ್ನು ಅವನ ಭಾಷೆಯಲ್ಲೇ ಬಳಸಬಲ್ಲವರು ಈ ಖೋಲಿಗಳಲ್ಲೇ ಹುಟ್ಟಿ ಬೆಳೆದ ಮಕ್ಕಳು. ಅವರಿಗೆ ಕನ್ನಡವೂ ಬರುತ್ತದೆ, ಮರಾಠಿಯೂ ಬರುತ್ತದೆ, ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪನ ಸಿಟ್ಟಿನ ಪರಿಚಯವೂ ಇದೆ. ಆದರೆ ಅವರು ಸಾಲ ತೀರಿಸಲಿಕ್ಕಾಗಿ ಪುಣೆಯ ಕೋರೆಗಾಂವ್ ಪಾರ್ಕಿನಲ್ಲಿ ಗಂಟೆಗೆ ಸಾವಿರ ಕೊಡುವವರನ್ನು ಹುಡುಕಬೇಕಾಗುತ್ತದೆ. ಆ ಹುಡುಗ ಗಂಟೆಗೆ ಸಾವಿರ ಎಲ್ಲಿಂದ ತರಬೇಕು?

ಆದ್ದರಿಂದ ಈ ಓದು ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಸಾಲ ಚಿಕ್ಕದಿರಲಿ ಎನ್ನುತ್ತೇನೆ. ಮೊದಲು ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಬರೆಯಿರಿ. ಪುಣೆ, ಮುಂಬೈ, ಧಾರವಾಡ, ಮೈಸೂರು, ಬೆಂಗಳೂರು ಎಲ್ಲ ಕಡೆ ಹಾಕಿ. ಹಾಸ್ಟೆಲ್ ಖರ್ಚು ಸೇರಿಸಿದರೂ ಅಲ್ಲಿಯ ಒಟ್ಟು ಖರ್ಚು ಖಾಸಗಿ ವಿಶ್ವವಿದ್ಯಾಲಯದ ಫೀಸಿಗಿಂತ ಬಹಳ ಕಡಿಮೆ. ಸೀಟು ಸಿಗದಿದ್ದರೆ ಒಂದು ವರ್ಷ ಶಾಲೆಯಲ್ಲೋ ಸಂಸ್ಥೆಯಲ್ಲೋ ಕೆಲಸ ಮಾಡಿ ಮತ್ತೆ ಬರೆಯುವುದು, ಗಡಿಬಿಡಿಯಲ್ಲಿ 7 ಲಕ್ಷ ಹೊರುವುದಕ್ಕಿಂತ ಮೇಲು. ಸಾಲ ಮಾಡಲೇಬೇಕಾದರೆ ಓದುವಾಗಲೇ ಬಡ್ಡಿಯನ್ನಾದರೂ ಕಟ್ಟುತ್ತ ಹೋಗಿ. ನಾನು ಮೇಲೆ ಹೇಳಿದ ಲೆಕ್ಕದಲ್ಲಿ ಅದು ಮೊದಲ ವರ್ಷ ತಿಂಗಳಿಗೆ 1,700, ಆಮೇಲೆ 3,300ರ ಆಸುಪಾಸು. ಹಾಗೆ ಕಟ್ಟಿದರೆ ಕಂತು 6,600ರ ಬದಲು 5,300ಕ್ಕೆ ನಿಲ್ಲುತ್ತದೆ, ಬಡ್ಡಿಯ ದರದಲ್ಲಿ ನೂರಕ್ಕೆ 1ರಷ್ಟು ರಿಯಾಯಿತಿಯನ್ನೂ ಎಷ್ಟೋ ಬ್ಯಾಂಕುಗಳು ಕೊಡುತ್ತವೆ. ಮುಂದೆ ಓದುವುದಾದರೆ ಕಂತನ್ನು ಮುಂದೂಡಲು ಅವಕಾಶ ಇದೆಯೇ ಎಂದು ಸಹಿ ಹಾಕುವ ಮೊದಲೇ ಮ್ಯಾನೇಜರನ್ನು ಕೇಳಿ, ಬರವಣಿಗೆಯಲ್ಲಿ ತೆಗೆದುಕೊಳ್ಳಿ. ವರ್ಷಕ್ಕೆ 4.5 ಲಕ್ಷದೊಳಗೆ ಆದಾಯ ಇರುವ ಮನೆಗಳಿಗೆ ಕೇಂದ್ರದ ಬಡ್ಡಿ ಸಹಾಯಧನ ಯೋಜನೆ ಇದೆ, ಆದರೆ ಅದು ತಾಂತ್ರಿಕ, ವೃತ್ತಿಪರ ಕೋರ್ಸುಗಳಿಗೆ. ನಿಮ್ಮ ಕೋರ್ಸು ಆ ಪಟ್ಟಿಯಲ್ಲಿ ಬರುತ್ತದೆಯೇ ಎಂಬುದನ್ನೂ ಅದೇ ಮೇಜಿನ ಮುಂದೆ ಕೇಳಿಬಿಡಿ. 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆದಾಯದ ಮಿತಿ 8 ಲಕ್ಷ, 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ನೂರಕ್ಕೆ 3ರ ನೆರವು. ಅದು ಪಟ್ಟಿಯಲ್ಲಿರುವ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಮಾತ್ರ.

ಗಡಿ ದಾಟಿ ಬಂದ ನಮ್ಮವರಿಗೆ ಇನ್ನೊಂದು ತೊಡಕು ಇದೆ. ಮಹಾರಾಷ್ಟ್ರದ ಡೊಮಿಸೈಲ್ ದಾಖಲೆಗೆ 15 ವರ್ಷದ ವಾಸ ತೋರಿಸಬೇಕು. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೊಡಬೇಕಾದದ್ದು ಮನೆತನ ಖಾಯಂ ನೆಲೆಸಿರುವ ರಾಜ್ಯ. ಅಪ್ಪನ ಜಾತಿ ಪ್ರಮಾಣಪತ್ರ ವಿಜಯಪುರ ಜಿಲ್ಲೆಯದು, ಮಗಳು ಓದುತ್ತಿರುವುದು ಪುಣೆಯಲ್ಲಿ ಎಂದಾದರೆ ಅರ್ಜಿ ಹೋಗಬೇಕಾದದ್ದು ಕರ್ನಾಟಕಕ್ಕೆ. ಇದು ತಿಳಿಯದೆ ಇಲ್ಲಿ ಅರ್ಜಿ ಹಾಕಿ, ತಿರಸ್ಕೃತವಾಗಿ, ಅಷ್ಟರಲ್ಲಿ ಅಲ್ಲಿಯ ಕೊನೆಯ ದಿನಾಂಕವೂ ದಾಟಿ, ಆಮೇಲೆ ಸಾಲದ ಕಡೆ ತಿರುಗಿದ ಮನೆಗಳಿವೆ. ಊರಿನ ದಾಖಲೆಗಳನ್ನು ಬಿ.ಎ. ಕೊನೆಯ ವರ್ಷದಲ್ಲೇ ತರಿಸಿ ಇಟ್ಟುಕೊಳ್ಳಿ.

ಇಷ್ಟು ಮನೆಯವರು ಮಾಡಬೇಕಾದದ್ದು. ಸರ್ಕಾರ ಮಾಡಬೇಕಾದದ್ದೂ ಇದೆ, ಅದಕ್ಕೆ ದುಡ್ಡು ಇಲ್ಲವೆನ್ನುವ ಹಾಗಿಲ್ಲ. ತಿಂಗಳಿಗೆ 21,000ದವರೆಗೆ ಪಗಾರ ಇರುವ ಪ್ರತಿ ಕಾರ್ಮಿಕನ ಸಂಬಳದಿಂದ ನೂರಕ್ಕೆ 0.75, ಮಾಲೀಕರಿಂದ ನೂರಕ್ಕೆ 3.25 ಇಎಸ್‌ಐ ಎಂಬ ಕಾರ್ಮಿಕರ ವಿಮೆಗೆ ಹೋಗುತ್ತದೆ. ಈ ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರೂ ಅದರಲ್ಲಿ ಸೇರಿದ್ದಾರೆ. ಅದೇ ಹಣದಲ್ಲಿ ಇಂಥ ಪ್ರತಿ ಕೈಗಾರಿಕಾ ಪ್ರದೇಶದ ಇಎಸ್‌ಐ ದವಾಖಾನೆಗೂ ಒಬ್ಬ ಮನಶ್ಶಾಸ್ತ್ರಜ್ಞರ ಖಾಯಂ ಹುದ್ದೆ ಮಾಡಬೇಕು. ಕಾರ್ಮಿಕರ ಭಾಷೆ ಬಲ್ಲವರಿಗೆ ಆದ್ಯತೆ ಕೊಡಬೇಕು. ಆ ಹುದ್ದೆಯಲ್ಲಿ ಐದು ವರ್ಷ ದುಡಿದವರ ಶಿಕ್ಷಣ ಸಾಲದ ಬಡ್ಡಿಯನ್ನು ಸರ್ಕಾರ ಹೊರಬೇಕು. ನೋಂದಣಿ ತರಬೇತಿಯ ಎರಡು ವರ್ಷಕ್ಕೆ ಎಲ್ಲ ಕಡೆಯೂ ಬದುಕಲು ಸಾಲುವಷ್ಟು ಭತ್ಯೆ ಸಿಗಬೇಕು, ಆ ಅವಧಿಗೆ ಕಂತು ಬರಬಾರದು. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಕರೆಸುವ ಶಾಸಕರು, ಸಂಸದರ ಕೈಗೆ ಹಾರದ ಜೊತೆ ಈ ಮನವಿಯನ್ನೂ ಕೊಡಲಿ.

ಅಲ್ಲಿಯವರೆಗೆ, ನಿದ್ದೆ ಬಾರದೆ ಕೂತಿರುವವರು ನಿಮ್ಮ ಖೋಲಿಯಲ್ಲೋ ಪಕ್ಕದ ಖೋಲಿಯಲ್ಲೋ ಇದ್ದರೆ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗಾದರೂ ಮಾಡಬಹುದು, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬೇಕು ಎಂದು ಕೇಳಿ, ಕನ್ನಡದವರನ್ನೇ ಕೊಡುತ್ತಾರೆ.